ಮೂರು ವರ್ಷದ ಮಗಳನ್ನು ಒಂದು ವರ್ಷ ಪಾವಗಡದಲ್ಲಿ ಅಮ್ಮನ ಹತ್ತಿರ ಬಿಡಬಹುದಾ? ನೀರಿನದ್ದೇ ಚಿಂತೆ

ಪಾವಗಡದ ಮಗಳು

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನನ್ನದು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಈಗ ಬೆಂಗಳೂರಿನಲ್ಲಿ ಕೆಲಸ. ಮಗಳಿಗೆ ಬರುವ ತಿಂಗಳು ಮೂರು ತುಂಬುತ್ತದೆ. ನನಗೆ ನೈಟ್ ಶಿಫ್ಟ್ ಬಿದ್ದಿದೆ. ನಮ್ಮನೆಯವರಿಗೆ ವಾರದಲ್ಲಿ ನಾಲ್ಕು ದಿನ ಊರೂರು ತಿರುಗುವ ಕೆಲಸ. "ಒಂದು ವರ್ಷ ಪಾಪುನ ನನ್ನ ಹತ್ರ ಬಿಡು" ಅಂತ ಅಮ್ಮ ಹಟ ಹಿಡಿದಿದ್ದಾಳೆ. ಅಮ್ಮನ ಕೈಯಲ್ಲಿ ಮಗು ಚೆನ್ನಾಗಿ ಬೆಳೆಯುತ್ತೆ, ಅದರಲ್ಲಿ ಅನುಮಾನವೇ ಇಲ್ಲ. ನನಗಿರುವುದು ನೀರಿನ ಭಯ ಒಂದೇ.

ನನ್ನ ಹಲ್ಲಿನ ವಿಷಯ ಹೇಳಬೇಕು. ಮುಂದಿನ ನಾಲ್ಕು ಹಲ್ಲಿನ ಮೇಲೆ ಅಡ್ಡಡ್ಡ ಕಂದು ಪಟ್ಟಿ ಇದೆ, ಟೀ ಚೆಲ್ಲಿ ಒಣಗಿದ ಹಾಗೆ. ಅಂಚಿನಲ್ಲಿ ಸುಣ್ಣ ಬಳಿದಂಥ ಬಿಳಿ. ನಮ್ಮ ಸ್ಕೂಲಲ್ಲಿ ಮುಕ್ಕಾಲು ಪಾಲು ಮಕ್ಕಳಿಗೆ ಹಾಗೇ ಇತ್ತು. ಹಲ್ಲು ಅಂದ್ರೆ ಹೀಗೇ ಇರುತ್ತೆ ಅಂತ ತಿಳಿದಿದ್ದೆ. ಪಿಯುಸಿಗೆ ತುಮಕೂರಿಗೆ ಹೋದಾಗ ಹಾಸ್ಟೆಲಿನ ಹುಡುಗಿಯೊಬ್ಬಳು "ನೀನು ಹಲ್ಲು ಉಜ್ಜಲ್ವಾ?" ಅಂತ ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವತ್ತಿನಿಂದ ದಿನಕ್ಕೆ ಮೂರು ಸಲ ಉಜ್ಜಿದೆ. ಇದ್ದಿಲು, ಉಪ್ಪು, ಅಡುಗೆ ಸೋಡಾ, ನಿಂಬೆ ಸಿಪ್ಪೆ. ಒಸಡಲ್ಲಿ ರಕ್ತ ಬರುವ ತನಕ ಉಜ್ಜಿದೆ. ನನ್ನ ಮದುವೆಯ ಒಂದು ಫೋಟೋದಲ್ಲೂ ನಾನು ಬಾಯಿ ಬಿಟ್ಟು ನಕ್ಕಿಲ್ಲ.

ನನಗೆ ಅರ್ಥವಾಗದ್ದು ಇದು. ನಮ್ಮ ಅಜ್ಜಿಯದೂ ಅದೇ ಊರು, ಅದೇ ಮನೆ. ಎಂಬತ್ತು ದಾಟಿದ ಮೇಲೂ ಅವಳ ಹಲ್ಲು ಬೆಳ್ಳಗೆ ಇತ್ತು. ಅಮ್ಮನದು ಪರವಾಗಿಲ್ಲ. ನನ್ನದು ಹೀಗೆ. ನೀರೇ ಕಾರಣ ಅಂದ್ರೆ ಅಜ್ಜಿಗೆ ಯಾಕೆ ಬರಲಿಲ್ಲ? ಇದನ್ನೇ ಹಿಡಿದುಕೊಂಡು ಅಮ್ಮ "ನೀರಲ್ಲಿ ಏನೂ ಇಲ್ಲ, ಸುಮ್ನೆ ಹೆದರ್ತೀಯ" ಅಂತಾಳೆ. ಗೊತ್ತಿರೋರು ಹೇಳಿ.

ಸಿರಾ ಸೀಮೆ

ಅಕ್ಕ, ನಾನೂ ಅದೇ ಥರದ ಬೋರ್ ನೀರು ಕುಡಿದು ಬೆಳೆದವನು. ಈಗ 34 ವರ್ಷ. ಹೊಲದ ಕೆಲಸ ಮಾಡ್ತೀನಿ, ಗಟ್ಟಿಯಾಗಿದ್ದೀನಿ. ಹಲ್ಲು ಸ್ವಲ್ಪ ಹಳದಿ, ಅಷ್ಟೇ. ನೀರು ಚೆನ್ನಾಗಿ ಕಾಯಿಸಿ ಆರಿಸಿ ಕೊಟ್ರೆ ಮಗುಗೆ ಏನೂ ಆಗಲ್ಲ. ಅಜ್ಜಿ ಮನೇಲಿ ಬೆಳೆಯೋ ಭಾಗ್ಯ ತಪ್ಪಿಸಬೇಡಿ.

ನರ್ಸಕ್ಕ

ಸಿರಾ ತಮ್ಮ, ಬೇಜಾರಾಗಬೇಡ. ಕಾಯಿಸುವ ಮಾತು ಮಾತ್ರ ದಯವಿಟ್ಟು ಯಾರಿಗೂ ಹೇಳಬೇಡ. ಕಾಯಿಸಿದರೆ ವಾಂತಿಭೇದಿಯ ರೋಗಾಣು ಸಾಯುತ್ತವೆ, ನಿಜ. ಆದರೆ ಹಲ್ಲಿಗೆ ಇಂಥ ಕಂದು ಪಟ್ಟಿ ತರುವುದು ಬೋರ್ ನೀರಿನ ಫ್ಲೋರೈಡ್. ಅದು ರೋಗಾಣು ಅಲ್ಲ. ಅದು ಉಪ್ಪಿನ ಥರ ನೀರಲ್ಲಿ ಕರಗಿರುತ್ತದೆ. ಐದು ಲೀಟರ್ ನೀರು ಕುದಿಸಿ ಕುದಿಸಿ ನಾಲ್ಕು ಲೀಟರ್ ಮಾಡಿದೆ ಅನ್ನು. ಹಬೆಯಾಗಿ ಹೋದದ್ದು ನೀರು ಮಾತ್ರ. ಫ್ಲೋರೈಡ್ ಅಷ್ಟೂ ಪಾತ್ರೆಯಲ್ಲೇ ಉಳಿಯುತ್ತದೆ. ಬೇಳೆ ಬೇಯಿಸಿದರೂ ಇದೇ ಲೆಕ್ಕ.

ಮೇಣದಬತ್ತಿ ಆಕಾರದ ಕ್ಯಾಂಡಲ್ ಫಿಲ್ಟರ್ ಇದನ್ನು ತೆಗೆಯಲ್ಲ. ಬರೀ ಯುವಿ ಇರುವ ಮಿಷನ್ನೂ ತೆಗೆಯಲ್ಲ. ಆರ್‌ಒ ತೆಗೆಯುತ್ತದೆ. ಆಕ್ಟಿವೇಟೆಡ್ ಅಲ್ಯೂಮಿನಾ ತುಂಬಿದ ಫಿಲ್ಟರ್ ತೆಗೆಯುತ್ತದೆ, ಆದರೆ ಅದನ್ನು ಆಗಾಗ ತೊಳೆದು ಸರಿಮಾಡಿಸುತ್ತಿರಬೇಕು. ಪಟಿಕ ಮತ್ತು ಸುಣ್ಣ ಹಾಕಿ ನೀರು ತಿಳಿ ಮಾಡುವ ನಲ್ಗೊಂಡ ವಿಧಾನ ಅಂತಲೂ ಒಂದಿದೆ. ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ‘ನೀರಿ’ (NEERI) ರೂಪಿಸಿದ್ದು. ಅಳತೆ ತಪ್ಪದೆ ಮಾಡುವವರು ಇದ್ದರೆ ಒಳ್ಳೆಯದೇ.

ಪಾವಗಡದ ತಂಗಿ, ಮೊದಲು ನೀರು ಪರೀಕ್ಷೆ ಮಾಡಿಸು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ. ಬೇರೆ ನೀರೇ ಸಿಗದಿದ್ದರೆ 1.5 ತನಕ ನಡೆಯುತ್ತದೆ ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ನೀರಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಬದಲಾಗಲ್ಲ. ನಾಲಿಗೆ ನಂಬಿ ಹೇಳೋಕಾಗಲ್ಲ.

ಕಲ್ಲುಬಂಡೆ

ಅಂತರ್ಜಲದ ಕೆಲಸದಲ್ಲಿ ಇಪ್ಪತ್ತು ವರ್ಷ ಪಾವಗಡ, ಮಧುಗಿರಿ, ಬಾಗೇಪಲ್ಲಿ, ಗುಡಿಬಂಡೆ ಸುತ್ತಿದ್ದೇನೆ. ನಿಮ್ಮ ಅಜ್ಜಿಯ ಪ್ರಶ್ನೆಗೆ ಉತ್ತರ ಕೊಡಬಲ್ಲೆ. ಬಹಳ ಒಳ್ಳೆಯ ಪ್ರಶ್ನೆ ಅದು.

ಅಜ್ಜಿ ಕುಡಿದ ನೀರು ಯಾವುದು ಅಂತ ಅಮ್ಮನನ್ನು ಕೇಳಿ. ನನ್ನ ಊಹೆ, ಸೇದುವ ಬಾವಿ. ಮೂವತ್ತು ನಲವತ್ತು ಅಡಿ. ಊರ ಕೆರೆ ತುಂಬಿದರೆ ಬಾವಿಗೂ ಊಟೆ ಬರುತ್ತಿತ್ತು. ಅಂದರೆ ಅದು ಹೋದ ಮಳೆಗಾಲದ ನೀರು. ಬಂಡೆಯ ಜೊತೆ ಹೆಚ್ಚು ದಿನ ಕಳೆಯದ ನೀರು.

ನೀವು ಕುಡಿದದ್ದು ಬೋರಿನ ನೀರು. ನಿಮ್ಮ ಸೀಮೆ ಪೂರ್ತಿ ಗ್ರಾನೈಟ್, ನೈಸ್ ಬಂಡೆಯ ಮೇಲೆ ಕೂತಿದೆ. ಆಚೆಗೆ ಅನಂತಪುರದ ಕಡೆಯೂ ಅದೇ ಬಂಡೆ. ಬಂಡೆ ಒಡೆದಾಗ ಮಿಣಮಿಣ ಹೊಳೆಯುವ ಕಾಗೆಬಂಗಾರ ನೋಡಿರ್ತೀರಿ. ಆ ಕಪ್ಪು ಕಾಗೆಬಂಗಾರದಲ್ಲಿ ಫ್ಲೋರೈಡ್ ಇರುತ್ತದೆ. ಅಪಟೈಟ್, ಫ್ಲೋರೈಟ್ ಅನ್ನುವ ಖನಿಜಗಳಲ್ಲೂ ಇರುತ್ತದೆ. ಬಂಡೆಯ ಸೀಳಿನಲ್ಲಿ ನೀರು ವರ್ಷಗಟ್ಟಲೆ ನಿಂತಾಗ ಅದು ನಿಧಾನವಾಗಿ ಬಿಟ್ಟುಕೊಳ್ಳುತ್ತದೆ. ಆಳ ಹೋದಷ್ಟೂ ಹಳೇ ನೀರು ಸಿಗುವುದು ಜಾಸ್ತಿ.

ಇನ್ನೊಂದು ವಿಷಯ ಇದೆ. ನೀರಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಮಳೆ ಕಡಿಮೆ, ಬಿಸಿಲು ಜಾಸ್ತಿ ಇರುವ ಕಡೆ ಕ್ಯಾಲ್ಸಿಯಂ ಮಣ್ಣಿನಲ್ಲೇ ಸುಣ್ಣಕಲ್ಲಾಗಿ ನಿಂತುಬಿಡುತ್ತದೆ. ಹೊಲ ಉಳುವಾಗ ಸಿಗುವ ಬಿಳಿ ಗಂಟು ಕಲ್ಲು ಗೊತ್ತಲ್ವಾ, ಅದೇ. ಕೆಳಗಿನ ನೀರಿನಲ್ಲಿ ಫ್ಲೋರೈಡನ್ನು ಹಿಡಿಯುವವರೇ ಇರಲ್ಲ.

ಹಾಗಾಗಿ ನಿಮ್ಮದೂ ಅಜ್ಜಿಯದೂ ಒಂದೇ ಊರು ಅಂತ ಹೇಳುವುದು ಕಷ್ಟ. ಅಜ್ಜಿ ಇದ್ದದ್ದು ನಲವತ್ತು ಅಡಿಯ ಊರಲ್ಲಿ. ನೀವು ಬೆಳೆದದ್ದು ನಾನೂರು ಅಡಿಯ ಊರಲ್ಲಿ. ಈಗ ಎಷ್ಟೋ ಕಡೆ ಸಾವಿರ ಅಡಿ ದಾಟಿದೆ.

ಫ್ಲೋರೈಡಿನಿಂದ ಬರುವ ಈ ಫ್ಲೋರೋಸಿಸ್ ಏನೂ ಹೊಸ ಕಾಯಿಲೆ ಅಲ್ಲ. ನಮ್ಮ ದೇಶದಲ್ಲಿ ವೈದ್ಯರು ಇದನ್ನು ಮೊದಲು ಬರೆದಿಟ್ಟದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ವೈದ್ಯರಿಗಿಂತ ಮುಂಚೆ ಅಲ್ಲಿನ ರೈತರಿಗೆ ಗೊತ್ತಾಗಿತ್ತು. ಉಳುವ ಎತ್ತುಗಳ ಕಾಲು ಸೆಟೆದು ನಡೆಯಲಾರದೆ ನಿಲ್ಲುತ್ತಿದ್ದವು.

ಒಂದು ಎಚ್ಚರಿಕೆ. ಪಕ್ಕದ ಊರಿನ ರಿಪೋರ್ಟ್ ನೋಡಿ ನಿಮ್ಮ ಊರಿನದು ತೀರ್ಮಾನ ಮಾಡಬೇಡಿ. ಒಂದೇ ಊರಿನ ಎರಡು ಬೋರಿನ ನೀರೂ ಬೇರೆ ಬೇರೆ ಇರುತ್ತದೆ. ಯಾವ ನಲ್ಲಿಯ ನೀರು ಮಗು ಕುಡಿಯುತ್ತದೋ ಅದನ್ನೇ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿದು ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಿ. ಗಾಜಿನದು ಬೇಡ.

ಪಾವಗಡದ ಮಗಳು

ಸರ್, ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ನೀವು ಹೇಳಿದ್ದು ಸರಿ. ಹಿತ್ತಲಿನ ಆಚೆ ಮೆಟ್ಟಿಲು ಬಾವಿ ಇತ್ತು. ಅಜ್ಜಿ ಮದುವೆಯಾಗಿ ಬಂದಾಗಿಂದ ಅದೇ ನೀರು. ನಾನು ಹುಟ್ಟುವ ಎರಡು ವರ್ಷ ಮುಂಚೆ ಅದು ಬತ್ತಿತಂತೆ. ಆಮೇಲೆ ಬಂದದ್ದು ಬೋರು, ಕೈಪಂಪು. ನನಗೆ ನೆನಪಿರುವ ಬಾವಿ ಅಂದರೆ ಒಳಗೆ ಜಾಲಿ ಗಿಡ ಬೆಳೆದಿದ್ದ ಗುಂಡಿ. ಆ ಕೈಪಂಪಿನ ಕೆಳಗೆ ಬಾಯಿ ಇಟ್ಟು ನೀರು ಕುಡಿದ ತಂಪು ಇನ್ನೂ ನೆನಪಿದೆ. ಎಷ್ಟು ಸಿಹಿಯಾಗಿತ್ತು.

ಹಲ್ಲಿನ ಡಾಕ್ಟರ್

ಪಾವಗಡದ ಮಗಳೇ, ಉಜ್ಜಿ ಉಜ್ಜಿ ಒಸಡು ಕೆಡಿಸಿಕೊಂಡ ಎಷ್ಟೋ ಜನರನ್ನು ನೋಡಿದ್ದೇನೆ. ಆ ಕಲೆ ಹಲ್ಲಿನ ಮೇಲೆ ಕೂತ ಕೊಳೆಯಲ್ಲ. ಹಲ್ಲು ಒಸಡಿನ ಒಳಗೆ ತಯಾರಾಗುವಾಗಲೇ ಅದರ ಹೊರ ಪದರ ಹಾಗೆ ಆಗಿರುತ್ತದೆ. ಹುಟ್ಟಿದಾಗಿನಿಂದ ಎಂಟು ವರ್ಷದ ತನಕ ಈ ಪದರ ಕಟ್ಟುವ ಕೆಲಸ ನಡೆಯುತ್ತದೆ. ಆ ವರ್ಷಗಳಲ್ಲಿ ಕುಡಿದ ನೀರು ಹಲ್ಲಿನಲ್ಲಿ ಬರೆದಿಡುತ್ತದೆ. ನಿಮ್ಮ ಕಂದು ಗೆರೆಗಳು ನೀವು ಮಗುವಾಗಿದ್ದಾಗಿನವು. ಆ ಹುಡುಗಿ ನಿಮ್ಮನ್ನು ಕೇಳುವ ಹೊತ್ತಿಗೆ ಅವು ಬಂದು ಹತ್ತು ವರ್ಷವಾಗಿತ್ತು. ನೀವು ಏನೂ ತಪ್ಪು ಮಾಡಿಲ್ಲ.

ನಿಮ್ಮ ಮಗಳಿಗೆ ಮೂರು ವರ್ಷ ಅಂದರೆ ಅವಳ ಶಾಶ್ವತ ಹಲ್ಲುಗಳು ಈಗಲೇ ಒಳಗೆ ಕಟ್ಟುತ್ತಿವೆ. ಒಂದು ವರ್ಷ ಅಂದರೆ ಸಣ್ಣ ಅವಧಿ ಅಲ್ಲ. ನೀರು ಒಳ್ಳೆಯದು ಅಂತ ಖಾತ್ರಿಯಾಗದೆ ಬಿಡಬೇಡಿ. ಮೂರು ತುಂಬಿದ ಮೇಲೆ ಪೇಸ್ಟು ಬಟಾಣಿ ಕಾಳಿನಷ್ಟು ಸಾಕು. ನುಂಗದಂತೆ ನೋಡಿಕೊಳ್ಳಿ.

ನಿಮ್ಮ ಹಲ್ಲಿಗೂ ದಾರಿ ಇದೆ. ಕಲೆ ಎಷ್ಟು ಆಳ ಇದೆ ಅನ್ನುವುದರ ಮೇಲೆ, ಮೇಲಿನ ಪದರವನ್ನು ತೆಳುವಾಗಿ ಸವೆಸಬಹುದು, ಬಿಳಿ ಮಾಡಬಹುದು, ಮೇಲೆ ಹೊದಿಕೆ ಕೂರಿಸಬಹುದು. ಬೇಕು ಅನಿಸಿದರೆ ಮಾತ್ರ. ಮೊದಲು ಆ ಇದ್ದಿಲು, ನಿಂಬೆ ಸಿಪ್ಪೆ ಬಿಟ್ಟುಬಿಡಿ.

ಸಾಗರದ ಕಡೆಯವಳು

"ಹಲ್ಲು ಉಜ್ಜಲ್ವಾ" ಅನ್ನುವ ಮಾತು ಓದಿ ಎದೆಗೆ ಚುಚ್ಚಿತು. ನಮಗೂ ಇಂಥದ್ದೇ ಒಂದು ಮಾತು ಇದೆ. "ಕಾಡಿಗೆ ಯಾಕೆ ಹೋಗ್ಬೇಕಿತ್ತು?"

ಮಂಗನ ಕಾಯಿಲೆ ಬಗ್ಗೆ ಕೇಳಿರ್ತೀರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಗುರುತು ಸಿಕ್ಕ ಕಾಯಿಲೆ. ಹರಡುವುದು ಉಣುಗಿನಿಂದ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ನಮಗೆ ದರಗು ಗುಡಿಸುವ ಕಾಲವೂ ಅದೇ. ಒಣಗಿದ ಎಲೆ ತಂದು ಕೊಟ್ಟಿಗೆಗೆ ಹಾಸದೆ ಗೊಬ್ಬರ ಎಲ್ಲಿಂದ ಬರಬೇಕು? ಅಡಿಕೆ ತೋಟಕ್ಕೆ ಏನು ಹಾಕಬೇಕು? ಸೌದೆ? ದನ ಮೇಯಿಸೋದು? ನಮ್ಮ ಮನೆಯ ಹಿಂದಿನ ಬಾಗಿಲು ತೆಗೆದರೆ ಕಾಡು. ನಾವು ಕಾಡಿಗೆ ಹೋಗುವುದಲ್ಲ, ಕಾಡಲ್ಲೇ ಇರುವುದು.

2019ರಲ್ಲಿ ಅರಳಗೋಡಿನಲ್ಲಿ ಜನ ಸತ್ತಾಗ ಪ್ರತಿ ಮನೆಯಲ್ಲೂ ಜ್ವರದ ಭಯ. ನಮ್ಮ ಅತ್ತೆ ಬೆಳಿಗ್ಗೆ ಎದ್ದು ಕೈಕಾಲಿಗೆ ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಂಡು, ಸೀರೆಯ ಮೇಲೆ ಮಾವನ ಹಳೇ ತುಂಬುತೋಳಿನ ಅಂಗಿ ಹಾಕಿಕೊಂಡು ಹೊರಡುತ್ತಿದ್ದರು. ವಾಪಸ್ ಬಂದ ಮೇಲೆ ಬಚ್ಚಲಲ್ಲಿ ಬಿಸಿ ನೀರು, ಆಮೇಲೆ ನಾನು ಅವರ ಕುತ್ತಿಗೆ, ಕಿವಿ ಹಿಂದೆ, ಬೆರಳ ಸಂದಿ ಎಲ್ಲಾ ದೀಪ ಹಿಡಿದು ಹುಡುಕುತ್ತಿದ್ದೆ. ಮರಿ ಉಣುಗು ಸಾಸಿವೆಗಿಂತ ಸಣ್ಣದು. ಹಳೇ ಲಸಿಕೆಯನ್ನೂ 2022ರಲ್ಲಿ ನಿಲ್ಲಿಸಿದರು.

ಕಲ್ಲುಬಂಡೆ ಸರ್ ಹೇಳಿದ ಹಾಗೆ ಇಲ್ಲೂ ಊರು ಬದಲಾಗಿದೆ. ಕಾಡನ್ನು ತುಂಡು ತುಂಡು ಕಡಿದು ನಡುನಡುವೆ ತೋಟ, ಗದ್ದೆ, ಮನೆ ಆದವು. ಮೊದಲು ಕಾಡಿನ ಅಂಚು ಒಂದು ಇತ್ತು. ಈಗ ಎಲ್ಲಿ ನೋಡಿದರೂ ಅಂಚೇ. ಮಂಗ, ದನ, ಮನುಷ್ಯ ಎಲ್ಲಾ ಆ ಅಂಚಿನಲ್ಲೇ.

ಮುಂಡರಗಿ

ನಮ್ಮ ಗದಗ ಜಿಲ್ಲೆಯಲ್ಲೂ ಫ್ಲೋರೈಡ್ ಇದೆ. ಮುಂಡರಗಿ ತಾಲ್ಲೂಕಿನಲ್ಲಿ ಪಕ್ಕದಲ್ಲೇ ತುಂಗಭದ್ರೆ ಹರಿಯುತ್ತಾಳೆ. ಆದರೂ ಎಷ್ಟೋ ವರ್ಷ ಹಳ್ಳಿಯವರು ಬೋರಿನ ನೀರೇ ಕುಡಿದರು. ಹೊಳೆ ಹತ್ತಿರ ಇದ್ದರೆ ಸಾಲದು, ಅಲ್ಲಿಂದ ಪೈಪು ಬರಬೇಕಲ್ವಾ.

ಕೋಲಾರದ ರೈತ

ನಮ್ಮಲ್ಲಿ 1,400 ಅಡಿ ಕೊರೆಸಿ ಧೂಳು ನೋಡಿದವರಿದ್ದಾರೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಡ್ತಾ ಇದ್ದಾರೆ. ಲಕ್ಷ್ಮೀಸಾಗರ ಕೆರೆ ಮೊದಲು ತುಂಬಿತು. ಕೆರೆ ತುಂಬಿದ್ದು ನೋಡಿ ನಮ್ಮ ಅಪ್ಪ ಕೈ ಮುಗಿದರು. ಎಷ್ಟೋ ಬೋರುಗಳಿಗೆ ಜೀವ ಬಂತು. ಇದು ನಿಜ, ಹೇಳಲೇಬೇಕು.

ಆದರೆ ಈ ನೀರಿಗೆ ಎರಡು ಹಂತದ ಶುದ್ಧೀಕರಣ ಮಾತ್ರ ಆಗುತ್ತದೆ. ಮೂರನೇ ಹಂತವೂ ಬೇಕು ಅಂತ ನಾವು ಕೇಳ್ತಾನೇ ಇದ್ದೀವಿ. ಮೇಲಿನ ನೀರು ಬಂತು ಅಂತ ಖುಷಿಪಟ್ಟು ಅದರಲ್ಲಿ ಬೇರೆ ಏನು ಬರುತ್ತೆ ಅಂತ ಕೇಳದೇ ಇರೋಕಾಗಲ್ಲ. ಬೆಳೆಗೆ ಬಿಡ್ತೀನಿ. ಮಕ್ಕಳಿಗೆ ಮಾತ್ರ ಕುಡಿಯೋಕೆ ಕೊಡಲ್ಲ.

ಗಾಂಧಿಬಜಾರ್ ಪಕ್ಕದ ಮನೆ

ಬೆಂಗಳೂರಿನಿಂದ ಒಂದು ಮಾತು ಸೇರಿಸ್ತೀನಿ. 1898ರಲ್ಲಿ ಇಲ್ಲಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಇಲಿ, ಧಾನ್ಯದ ಮಂಡಿ, ಗಾಳಿ ಬೆಳಕಿಲ್ಲದ ಮನೆ ಎಲ್ಲಾ ಒಟ್ಟಿಗೆ ಇದ್ದವು. ಜನ ಊರು ಬಿಟ್ಟು ಓಡಿದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಹೊತ್ತಿನಲ್ಲಿ. ಅಗಲವಾದ ರಸ್ತೆ, ಮನೆ ಹಿಂದೆ ಕಸ, ಮಲ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ, ಸುತ್ತ ಗಿಡಮರ. ರೋಗಿಗೆ ಮದ್ದು ಕೊಡುವುದರ ಜೊತೆ ರಸ್ತೆಯನ್ನೂ ಅಗಲ ಮಾಡಬೇಕು ಅಂತ ಆಗಿನವರಿಗೆ ಗೊತ್ತಿತ್ತು. ನಾನು ಓಡಾಡುವ ಈ ನೆರಳು ಆ ಪ್ಲೇಗಿನ ಕೊಡುಗೆ ಅಂತ ನೆನೆಸಿಕೊಂಡಾಗಲೆಲ್ಲ, ನಿಮ್ಮ ಊರಿಗೆ ಅಂಥ ಕೆಲಸ ಯಾಕೆ ಇಷ್ಟು ತಡವಾಯ್ತು ಅಂತ ಸಂಕಟ ಆಗುತ್ತೆ.

ನರ್ಸಕ್ಕ

ಎಲ್ಲರಿಗೂ ಒಂದು ಮಾತು. ಹಲ್ಲು ಕಣ್ಣಿಗೆ ಕಾಣುತ್ತೆ, ಮೂಳೆ ಕಾಣಲ್ಲ. ದೊಡ್ಡವರಾದ ಮೇಲೆ ಹಲ್ಲಿಗೆ ಹೊಸ ಕಲೆ ಬರಲ್ಲ, ಆದರೆ ಮೂಳೆಯಲ್ಲಿ ಫ್ಲೋರೈಡ್ ಸೇರುತ್ತಲೇ ಇರುತ್ತದೆ. ಊರಲ್ಲಿ ಐವತ್ತು ದಾಟಿದವರ ಸೊಂಟನೋವು, ಮಂಡಿನೋವನ್ನೆಲ್ಲ "ವಯಸ್ಸಾಯ್ತು" ಅಂತ ಬಿಟ್ಟುಬಿಡ್ತೀವಿ. ಮನೆಯಲ್ಲೇ ಮೂರು ಪರೀಕ್ಷೆ ಮಾಡಿಸಿ ನೋಡಿ. ಮಂಡಿ ಬಗ್ಗಿಸದೆ ಬಾಗಿ ಕಾಲ್ಬೆರಳು ಮುಟ್ಟಬೇಕು. ಗದ್ದ ಎದೆಗೆ ತಾಗಿಸಬೇಕು. ಎರಡೂ ಕೈಯನ್ನು ತಲೆಯ ಹಿಂದೆ ಕಟ್ಟಬೇಕು. ಆಗದಿದ್ದರೆ ಫ್ಲೋರೋಸಿಸ್ ಅಂತಲೇ ಅಲ್ಲ, ಆದರೆ ಡಾಕ್ಟರಿಗೆ ತೋರಿಸಲೇಬೇಕು. ಕುಡಿಯುವ ನೀರು ಯಾವುದು ಅಂತಲೂ ಅವರಿಗೆ ಹೇಳಬೇಕು. 2008–09ರಿಂದ ಇದಕ್ಕೇ ಒಂದು ರಾಷ್ಟ್ರೀಯ ಕಾರ್ಯಕ್ರಮ ಇದೆ. ಕಿಡ್ನಿ ತೊಂದರೆ ಇರುವವರು ಇನ್ನೂ ಹುಷಾರಾಗಿರಬೇಕು, ಫ್ಲೋರೈಡ್ ಹೊರಗೆ ಹೋಗುವುದು ಮೂತ್ರದಲ್ಲೇ.

ರಾಗಿ, ಹಾಲು, ಸೊಪ್ಪು ಬಿಡಬೇಡಿ, ಕ್ಯಾಲ್ಸಿಯಂ ಬೇಕು. ಹುಣಸೆಹಣ್ಣು ತಿಂದರೆ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋಗುತ್ತದೆ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಮಕ್ಕಳಲ್ಲಿ ಕಂಡುಕೊಂಡಿದ್ದಾರೆ. ಆದರೆ ಕೆಟ್ಟ ನೀರು ಕುಡಿಯುತ್ತಾ ಹುಣಸೆಹಣ್ಣು ತಿಂದರೆ ಸಾಕು ಅಂತ ಅಲ್ಲ. ನೀರು ಬದಲಾಗಬೇಕು.

ಸಿರಾ ಸೀಮೆ

ನರ್ಸಕ್ಕ, ನೀವು ಹೇಳಿದ ಮೂರು ಪರೀಕ್ಷೆ ನಿನ್ನೆ ರಾತ್ರಿ ಊಟ ಆದ ಮೇಲೆ ಮಾಡಿಸಿದೆ. ನನಗೆ ಮೂರೂ ಬಂತು. ಅಪ್ಪನಿಗೆ ಒಂದೂ ಬರಲಿಲ್ಲ.

ಅಪ್ಪ ಪಕ್ಕಕ್ಕೆ ನೋಡಬೇಕಾದರೆ ಕತ್ತು ತಿರುಗಿಸಲ್ಲ, ಪೂರ್ತಿ ಮೈ ತಿರುಗಿಸ್ತಾರೆ. ಹತ್ತು ವರ್ಷದಿಂದ ನೋಡ್ತಾ ಇದ್ದೀನಿ. ಭಾರ ಹೊತ್ತು ಹಾಗಾಗಿದೆ ಅಂದುಕೊಂಡಿದ್ದೆ. ಗದ್ದ ತಾಗಿಸೋಕೆ ನೋಡಿ ಆಗದೆ, "ಬಿಡೋ, ವಯಸ್ಸಾಯ್ತು" ಅಂತ ನಕ್ಕರು. ಅವರಿಗೆ ಇನ್ನೂ 58.

ಅಕ್ಕ, ಕಾಯಿಸಿ ಕೊಡಿ ಅಂದಿದ್ದೆ ನಾನು. ಕ್ಷಮಿಸಿ. ಮಗುವನ್ನು ಕಳಿಸಬೇಡಿ. ಸೋಮವಾರ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗ್ತೀನಿ.

ಕಲ್ಲುಬಂಡೆ

ತಮ್ಮ, ಕ್ಷಮೆ ಕೇಳುವಂಥದ್ದೇನಿಲ್ಲ. ಎಷ್ಟೋ ಕಾಯಿಲೆಗೆ ಕಾಯಿಸಿದ ನೀರೇ ಸರಿಯಾದ ಸಲಹೆ. ಅಪ್ಪನ ವಿಷಯ ಇಲ್ಲೇ ತಿಳಿಸು.

ಪಾವಗಡದವರೇ, ಮಳೆ ನೀರಿನ ಲೆಕ್ಕ ಒಂದು ಕೊಡ್ತೀನಿ. ಮಳೆ ನೀರಲ್ಲಿ ಫ್ಲೋರೈಡ್ ಇಲ್ಲ ಅನ್ನುವಷ್ಟು ಕಡಿಮೆ. ನಿಮ್ಮ ಕಡೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಅಂತ ಹಿಡಿಯೋಣ. ಸಾವಿರ ಚದರಡಿ ತಾರಸಿ ಅಂದರೆ 93 ಚದರ ಮೀಟರ್. ಅದರ ಮೇಲೆ ಬೀಳುವುದು ಸುಮಾರು 46 ಸಾವಿರ ಲೀಟರ್. ಮೊದಲ ಮಳೆ ಹರಿಯಲು ಬಿಟ್ಟು, ಸೋರಿದ್ದು ಆರಿದ್ದು ಕಳೆದರೂ 35 ಸಾವಿರ ಸಿಗುತ್ತದೆ. ಐದು ಜನಕ್ಕೆ ಕುಡಿಯೋಕೆ, ಅಡುಗೆಗೆ ದಿನಕ್ಕೆ 35 ಲೀಟರ್ ಅಂದರೂ ವರ್ಷಕ್ಕೆ 13 ಸಾವಿರ ಸಾಕು. ಸ್ನಾನ, ಬಟ್ಟೆಗೆ ಬೋರ್ ನೀರು ಬಳಸಿ, ಏನೂ ತೊಂದರೆ ಇಲ್ಲ. ಕತ್ತಲೆ ಇರುವ, ಮುಚ್ಚಿದ ಸಂಪು ಬೇಕು. ಖರ್ಚು ಇರುವುದು ಸಂಪಿಗೇ.

ಪಾವಗಡದ ಮಗಳು

ಶನಿವಾರ ಊರಿಗೆ ಹೋಗಿ ಬಂದೆ. ಇಲ್ಲಿ ಬರೆದ ಎಲ್ಲರಿಗೂ ಹೇಳಲೇಬೇಕು.

ಜಲ ಜೀವನ್ ಮಿಷನ್‌ನಲ್ಲಿ ನಮ್ಮ ಊರಿನ ಐದು ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಕೊಟ್ಟಿದ್ದಾರೆ ಅಂತ ಅಲ್ಲಿ ಹೋದ ಮೇಲೆ ಗೊತ್ತಾಯ್ತು. ಅದರಲ್ಲಿ ಒಬ್ಬಳು ನನ್ನ ಜೊತೆ ಓದಿದವಳು. ಕಿಟ್ ತಗೊಂಡು ಮನೆಗೇ ಬಂದಳು. ಜಗಲಿ ಮೇಲೆ ಎರಡು ಸಣ್ಣ ನಳಿಗೆ ಇಟ್ಟಳು. ಒಂದರಲ್ಲಿ ಶುದ್ಧ ನೀರಿನ ಘಟಕದಿಂದ ಐದು ರೂಪಾಯಿ ನಾಣ್ಯ ಹಾಕಿ ತಂದ ಕ್ಯಾನಿನ ನೀರು. ಇನ್ನೊಂದರಲ್ಲಿ ಬೋರ್ ನಲ್ಲಿಯದು. ಎರಡಕ್ಕೂ ಹನಿ ಹಾಕಿದಳು. ಕ್ಯಾನಿನ ನೀರು ಗುಲಾಬಿ ಬಣ್ಣಕ್ಕೆ ಬಂದು ಹಾಗೇ ನಿಂತಿತು. ನಲ್ಲಿ ನೀರು ನೋಡ್ತಾ ನೋಡ್ತಾ ಹಳದಿ ಆಯ್ತು, ಅರಿಶಿನ ಕದಡಿದ ಹಾಗೆ. ಕಾರ್ಡಿನ ಬಣ್ಣಕ್ಕೆ ಹೋಲಿಸಿ ನೋಡಿದರೆ ಮಿತಿಗಿಂತ ಜಾಸ್ತಿ. ಸರಿಯಾದ ಅಂಕಿಗೆ ತುಮಕೂರಿನ ಲ್ಯಾಬಿಗೆ ಬಾಟಲಿ ಕೊಟ್ಟು ಬಂದಿದ್ದೇನೆ.

ಅಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. "ಕುಡಿಯೋಕೆ ಕ್ಯಾನು ತರ್ತೀನಿ. ಆದ್ರೆ ಅನ್ನಕ್ಕೆ, ಸಾರಿಗೆ ಇದೇ ನೀರು ಹಾಕ್ತಿದ್ನಲ್ಲೇ" ಅಂದಳು. ಘಟಕ ಕೆಟ್ಟು ನಿಂತ ಎರಡು ತಿಂಗಳು ಕುಡಿದದ್ದೂ ಇದೇ ನೀರು. ಆಮೇಲೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಹಲ್ಲು ನೋಡಿದಳು. "ಸರಿಯಾಗಿ ಉಜ್ಜು ಅಂತ ನಿಂಗೆ ಎಷ್ಟು ಬೈದಿದ್ದೀನಿ" ಅಂದಳು. ಇಬ್ಬರಿಗೂ ಅಳು ಬಂತು.

ಮಗಳನ್ನು ಈಗ ಕಳಿಸಲ್ಲ. ಅಮ್ಮನೇ ಆರು ತಿಂಗಳು ಬೆಂಗಳೂರಿಗೆ ಬರಲು ಒಪ್ಪಿದ್ದಾಳೆ. ಅಷ್ಟರಲ್ಲಿ ತಾರಸಿ ನೀರಿಗೆ ಸಂಪು ಕಟ್ಟಿಸಬೇಕು. ತುಂಗಭದ್ರೆ ಹಿನ್ನೀರಿನ ಯೋಜನೆಯ ನೀರು ನಮ್ಮ ಮನೆ ನಲ್ಲಿಗೂ ಸರಿಯಾಗಿ ಬರತೊಡಗಿದರೆ ಇನ್ನೂ ಒಳ್ಳೆಯದು.

ಆದರೆ ವಾಪಸ್ ಬರುವಾಗ ಅಂಗನವಾಡಿ ಮುಂದೆ ನಿಂತೆ. ನನ್ನ ಮಗಳ ವಯಸ್ಸಿನ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದರು. ಅಡುಗೆಗೆ, ಕುಡಿಯೋಕೆ ಎಲ್ಲಾ ಅದೇ ಬೋರಿನ ನಲ್ಲಿ. ದಿನಕ್ಕೆ ಮೂರು ಕ್ಯಾನ್ ಘಟಕದ ನೀರು ಅಲ್ಲಿಗೆ ಬಂದರೆ ಸಾಕು. ಪಂಚಾಯಿತಿಗೆ ಅರ್ಜಿ ಕೊಡಬೇಕು ಅಂತಿದ್ದೇನೆ. ಹೇಗೆ ಬರೆಯಬೇಕು, ಜೊತೆಗೆ ಏನೇನು ಇಡಬೇಕು ಅಂತ ಯಾರಾದರೂ ಹೇಳ್ತೀರಾ?

ನರ್ಸಕ್ಕ

ಅರ್ಜಿ ನಾನು ಬರೆದು ಕೊಡ್ತೀನಿ. ಪಂಚಾಯಿತಿಯ ಪಿಡಿಒ ಹೆಸರಿಗೆ ಒಂದು, ಅಂಗನವಾಡಿ ನೋಡಿಕೊಳ್ಳುವ ಅಧಿಕಾರಿ ಸಿಡಿಪಿಒ ಹೆಸರಿಗೆ ಒಂದು. ಲ್ಯಾಬ್ ರಿಪೋರ್ಟ್ ಬಂದ ತಕ್ಷಣ ಅದರ ನಕಲು ಎರಡಕ್ಕೂ ಲಗತ್ತಿಸು. ಅಂಗನವಾಡಿ ಮಕ್ಕಳ ತಾಯಂದಿರ ಸಹಿ ಹಾಕಿಸು, ಒಬ್ಬರನ್ನೂ ಬಿಡಬೇಡ. ಕೊಟ್ಟದ್ದಕ್ಕೆ ಸ್ವೀಕೃತಿ ತಗೋ. ಮುಂದಿನ ಗ್ರಾಮಸಭೆ ಯಾವಾಗ ಅಂತ ಕೇಳಿಟ್ಟುಕೋ, ಆಗುವುದಾದರೆ ನಾನೂ ಬರ್ತೀನಿ.

ಸಿರಾ ಸೀಮೆ

ನಮ್ಮ ಊರಿನ ಅಂಗನವಾಡಿಗೂ ಒಂದು ಬರೆದುಕೊಡಿ ಅಕ್ಕ. ನೀರಿನ ಬಾಟಲಿ ನಾಳೆ ಕೊಟ್ಟು ಬರ್ತೀನಿ.